ಎಡ್ಗರ್ ಆಲನ್ ಪೋ: ಹೋಲಿಕೆಯಲ್ಲಿ ಮೂಡಿದ ಪಾತ್ರಗಳು

ಎಡ್ಗರ್ ಆಲನ್ ಪೋ ಅಮೆರಿಕದ ಬೋಸ್ಟನ್ ನಗರದಲ್ಲಿ 1809ರ ಜನವರಿ 19ರಂದು ಜನಿಸಿದರು. ತಾಯಿ ರಂಗನಟಿ. ಮೂರು ವರ್ಷ ತುಂಬುವ ಮೊದಲೇ ಆಕೆಯನ್ನು ಕಳೆದುಕೊಂಡ ಪೋ, ರಿಚ್ಮಂಡ್‌ನ ವ್ಯಾಪಾರಿ ಜಾನ್ ಆಲನ್ ಅವರ ಮನೆಯಲ್ಲಿ ಬೆಳೆದರು. ಮುಂದೆ ಪತ್ರಿಕೆಗಳಲ್ಲಿ ಸಂಪಾದಕರಾಗಿ, ವಿಮರ್ಶಕರಾಗಿ ದುಡಿದರೂ ಬಡತನ ನೀಗಲಿಲ್ಲ. ಸಣ್ಣಕತೆಯ ಪ್ರತಿಯೊಂದು ಮಾತೂ ಒಂದೇ ಪರಿಣಾಮವನ್ನು ಉಂಟುಮಾಡಬೇಕೆಂಬುದು ಅವರ ನಿಲುವಾಗಿತ್ತು.

1839ರ ‘ದಿ ಫಾಲ್ ಆಫ್ ದಿ ಹೌಸ್ ಆಫ್ ಅಷರ್’ ಕತೆಯಲ್ಲಿ ಮನೆಯ ಕಿಟಕಿಗಳು ಕಣ್ಣುಗಳಂತೆ ಕಾಣುತ್ತವೆ. ಗೋಡೆಯ ಸಣ್ಣ ಬಿರುಕು ಮನೆಯೊಡೆಯನ ಮನಸ್ಸಿನ ಬಿರುಕೂ ಹೌದು. 1843ರ ‘ದಿ ಟೆಲ್-ಟೇಲ್ ಹಾರ್ಟ್’ ಕತೆಯ ನಿರೂಪಕನಿಗೆ ಹೆಸರೇ ಇಲ್ಲ. ತನಗೆ ಯಾವ ಕೇಡನ್ನೂ ಮಾಡದ ಮುದುಕನ ಕಣ್ಣು ಅವನಿಗೆ ರಣಹದ್ದಿನ ಕಣ್ಣಿನಂತೆ ಕಾಣುತ್ತದೆ. ಅದಕ್ಕಾಗಿಯೇ ಮುದುಕನನ್ನು ಕೊಲ್ಲುತ್ತಾನೆ. ಈ ಹೋಲಿಕೆಯಿಂದ ಮುದುಕನ ಬಗ್ಗೆ ತಿಳಿಯುವುದು ಕಡಿಮೆ; ಹೋಲಿಸಿದವನ ಮನಸ್ಸು ಬಯಲಾಗುತ್ತದೆ.

ಪೋ ಅವರ ಪತ್ನಿ ವರ್ಜೀನಿಯಾ 1847ರಲ್ಲಿ ಕ್ಷಯರೋಗದಿಂದ ತೀರಿಕೊಂಡರು. ಪೋ 1849ರ ಅಕ್ಟೋಬರ್ 7ರಂದು ಬಾಲ್ಟಿಮೋರ್‌ನಲ್ಲಿ ನಿಧನರಾದಾಗ ಅವರ ವಯಸ್ಸು 40.

ತರಗತಿಯಲ್ಲಿ ನಾವು ಉಪಮೇಯ, ಉಪಮಾನಗಳನ್ನು ಗುರುತಿಸಲು ಹೇಳಿ, ಅಂಕ ಕೊಟ್ಟು ಮುಂದೆ ಸಾಗುತ್ತೇವೆ. ಹೋಲಿಸಿದವರು ಯಾರು, ಅವರಿಗೇಕೆ ಹಾಗೆ ಕಂಡಿತು ಎಂದೂ ಕೇಳಿದರೆ, ಅಲಂಕಾರದ ಪಾಠದಲ್ಲೇ ಪಾತ್ರದ ಪರಿಚಯವೂ ಆಗುತ್ತದೆ.