ಇಕ್ಕೇರಿಗೆ ಬಂದ ರೋಮಿನ ಯಾತ್ರಿಕ

ಕೆಳದಿ ಅರಸರ ಕಾಲದ ಜನಜೀವನವನ್ನು ಕಣ್ಣಾರೆ ಕಂಡು ಬರೆದಿಟ್ಟ ವಿದೇಶೀಯರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಪ್ರಮುಖನು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ನಮಗೆ ಇಕ್ಕೇರಿ ನೆರೆಯ ಮಲೆನಾಡಿನ ಊರು. ಆದುದರಿಂದ ಅಲ್ಲಿಗೆ ಬಂದುಹೋದ ಈ ಕಥೋಲಿಕ ಶ್ರೀಮಂತನ ಬಾಳನ್ನು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ಈತ 1586ರಲ್ಲಿ ರೋಮ್ ನಗರದ ಕುಲೀನ ಮನೆತನದಲ್ಲಿ ಜನಿಸಿದನು. ಸಿರಿ, ವಿದ್ಯೆ, ಕವಿತ್ವಗಳೆಲ್ಲವೂ ಇದ್ದವು. ಆದರೆ ಒಲಿದ ಕನ್ಯೆ ದೊರೆಯಲಿಲ್ಲ. ನೊಂದ ಪಿಯೆತ್ರೊ ನೇಪಲ್ಸ್‌ನಲ್ಲಿ ಯಾತ್ರಿಕನ ಉಡುಪು ಧರಿಸಿ, 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿದನು. ಜೆರುಸಲೇಮಿನ ಪುಣ್ಯಸ್ಥಳಗಳ ದರ್ಶನ ಪಡೆದು ಬಾಗ್ದಾದಿಗೆ ಬಂದು, ಅಲ್ಲಿ ಸಿತ್ತಿ ಮಾನಿ ಎಂಬ ಕ್ರೈಸ್ತ ತರುಣಿಯನ್ನು ವರಿಸಿದನು.

ಬಳಿಕ ದಂಪತಿಗಳು ಪರ್ಷಿಯಾಕ್ಕೆ ತೆರಳಿದರು. ಯಾವ ಅರಸನೂ ನೇಮಿಸದಿದ್ದರೂ ಪಿಯೆತ್ರೊ ಅಲ್ಲಿ ರಾಜತಂತ್ರಜ್ಞನಂತೆ ದುಡಿದನು. ತುರ್ಕರ ವಿರುದ್ಧ ಷಾ ಅಬ್ಬಾಸನಿಗೂ ಕ್ರೈಸ್ತ ಕೊಸಾಕರಿಗೂ ಮೈತ್ರಿ ಬೆಸೆಯಲು, ಪೂರ್ವದ ಕ್ರೈಸ್ತರಿಗೆ ಆಶ್ರಯ ದೊರಕಿಸಲು ಯತ್ನಿಸಿದನು. 1621ರ ಡಿಸೆಂಬರಿನಲ್ಲಿ ಹೊರ್ಮುಜ್ ಬಳಿ ಮಾನಿ ಜ್ವರದಿಂದ ತೀರಿಕೊಂಡಳು. ಪರನಾಡಿನಲ್ಲಿ ಆಕೆಯನ್ನು ಬಿಟ್ಟುಬರಲು ಮನಸ್ಸು ಒಪ್ಪದೆ, ದೇಹ ಕೆಡದಂತೆ ಸಂಸ್ಕರಿಸಿ ಪೆಟ್ಟಿಗೆಯಲ್ಲಿರಿಸಿಕೊಂಡು ಆತ ಪಯಣ ಮುಂದುವರಿಸಿದನು.

1623ರಲ್ಲಿ ಸೂರತ್ ಮಾರ್ಗವಾಗಿ ಗೋವೆಗೆ ಬಂದಾಗ, ಪೋರ್ಚುಗೀಸರು ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ರಾಯಭಾರಿಯನ್ನು ಕಳುಹಿಸುವುದರಲ್ಲಿದ್ದರು. ಕರಾವಳಿಯ ಬಂಗ ಅರಸನ ಸೋಲು ಹಾಗೂ ಕಾಳುಮೆಣಸಿನ ವ್ಯಾಪಾರ ಅದಕ್ಕೆ ಕಾರಣಗಳಾಗಿದ್ದವು. ಪಿಯೆತ್ರೊ ಆ ತಂಡದೊಡನೆ ಹೊನ್ನಾವರ, ಗೇರುಸೊಪ್ಪೆಗಳನ್ನು ದಾಟಿ ಘಟ್ಟವೇರಿದನು. ಗುಡಿಯೊಂದರ ಜಗಲಿಯಲ್ಲಿ ಹುಡುಗರು ನೆಲಕ್ಕೆ ಮರಳು ಹರಡಿ, ರಾಗವಾಗಿ ಹೇಳಿಕೊಳ್ಳುತ್ತ, ಬೆರಳಿನಿಂದ ಬರೆದು ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಬೆರಗಾದನು. ಆತ ಬರೆದಿಡದಿದ್ದರೆ ಆ ಬಡ ಮಕ್ಕಳ ಪಾಠವನ್ನು ನಾವು ಅರಿಯುತ್ತಲೇ ಇರಲಿಲ್ಲ.

ಇಕ್ಕೇರಿಯಲ್ಲಿ ಆತನಿಗೆ ಕಠಿಣವಾದ ಪರೀಕ್ಷೆಯೊಂದು ಕಾದಿತ್ತು. ನಗಾರಿ ಬಾರಿಸುವವನೊಬ್ಬನ ವಿಧವೆ ಜಕ್ಕಮ್ಮ ಸಹಗಮನಕ್ಕೆ ಸಿದ್ಧಳಾಗಿದ್ದಳು. ಪಿಯೆತ್ರೊ ಆಕೆಯ ಮನೆಗೇ ಹೋಗಿ, ದುಭಾಷಿಯ ಮೂಲಕ ಮಾತನಾಡಿಸಿ, ಎಳೆಯ ಮಕ್ಕಳ ನೆನಪು ಮಾಡಿಕೊಟ್ಟು, ಬದುಕಿ ಉಳಿಯುವಂತೆ ಪರಿಪರಿಯಾಗಿ ಬೇಡಿಕೊಂಡನು. ಆಕೆಯ ನಿರ್ಧಾರ ಕದಲಲಿಲ್ಲ. ಹೆಂಡತಿಯ ಶವವನ್ನು ಬಿಡಲಾರದ ಗಂಡನಿಗೆ ಆಕೆಯ ದುಃಖ ಅರ್ಥವಾಗಿರಬೇಕು. ಆದರೂ ಪ್ರೀತಿಗಾಗಿ ಪ್ರಾಣ ಕಳೆಯಬೇಕೆಂಬುದನ್ನು ಆತ ಒಪ್ಪಲಿಲ್ಲ. ಆಕೆಯನ್ನು ಉಳಿಸಲಾಗಲಿಲ್ಲ, ಆಕೆಯ ಹೆಸರನ್ನು ಉಳಿಸುವೆನೆಂಬ ಮಾತನ್ನು ಮಾತ್ರ ತನ್ನ ಬರಹದಲ್ಲಿ ನಡೆಸಿಕೊಟ್ಟನು.

1626ರಲ್ಲಿ ರೋಮ್ ಸೇರಿ, ಅರಚೇಲಿ ದೇವಾಲಯದಲ್ಲಿ ತನ್ನ ವಂಶದವರ ಸಮಾಧಿಯೊಳಗೆ ಮಾನಿಯನ್ನು ಮಣ್ಣುಮಾಡಿಸಿದನು. ಜಗದ್ಗುರು ಎಂಟನೆಯ ಉರ್ಬಾನರು ಆತನಿಗೆ ತಮ್ಮ ಆಸ್ಥಾನದಲ್ಲಿ ಗೌರವಸ್ಥಾನವಿತ್ತರು. ಜಾರ್ಜಿಯಾದ ಕ್ರೈಸ್ತರ ಕುರಿತು ಆತ ಅವರಿಗೆ ವರದಿ ಒಪ್ಪಿಸಿದನು. ತಾನು ಸಾಕಿದ ಜಾರ್ಜಿಯಾದ ಕನ್ಯೆಯನ್ನು ಮದುವೆಯಾಗಿ ಅನೇಕ ಮಕ್ಕಳ ತಂದೆಯಾದನು. ಆತ ಸಂತನೇನೂ ಅಲ್ಲ. ಸಿಟ್ಟಿನ ಭರದಲ್ಲಿ ಒಬ್ಬನನ್ನು ಕೊಂದು ಕೆಲಕಾಲ ರೋಮಿನಿಂದ ಗಡೀಪಾರಾಗಿದ್ದುದೂ ಉಂಟು. 1652ರಲ್ಲಿ ನಿಧನನಾಗಿ ಅರಚೇಲಿಯಲ್ಲೇ ಚಿರನಿದ್ರೆಗೆ ಸಂದನು.

ಗೆಳೆಯ ಮಾರಿಯೊ ಸ್ಕಿಪಾನೊನಿಗೆ ಬರೆದ ಆತನ ಪತ್ರಗಳು 1650ರಿಂದ ಅಚ್ಚಾಗತೊಡಗಿದವು. ಅರಸರ ಒಪ್ಪಂದಗಳು ಅಳಿದವು. ಮರಳಿನ ಮೇಲೆ ಬರೆದ ಮಕ್ಕಳೂ ಜಕ್ಕಮ್ಮನೂ ಆ ಪುಟಗಳಲ್ಲಿ ಉಳಿದಿದ್ದಾರೆ. ಅರಮನೆಗೆ ಹೋಗುವ ದಾರಿಯಲ್ಲಿ ಬಡವರ ಮನೆಯ ಮುಂದೆ ನಿಂತು ಮಾತನಾಡಿಸಿದ ಆ ಗುಣವನ್ನು ನಾವೂ ರೂಢಿಸಿಕೊಳ್ಳೋಣ.