ಲೆಕ್ಕದ ಮೇಲೆ ಕಣ್ಣಿಡದ ಸರ್ವಾಧಿಕಾರಿ: ಕಳಲೆಯ ಕರಾಚೂರಿ ನಂಜರಾಜಯ್ಯ

ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೊಂದು ಕ್ಯಾಮೆರಾ, ಕಾರ್ಖಾನೆಯ ದ್ವಾರದಲ್ಲೊಂದು, ಗೋದಾಮಿನಲ್ಲಿ ಮತ್ತೊಂದು. ಮೈಸೂರು-ನಂಜನಗೂಡು ಹಾದಿಯ ಕೈಗಾರಿಕಾ ಪ್ರದೇಶದಲ್ಲಿ ಇದು ಈಗ ನಿತ್ಯದ ನೋಟ. ಹೆಚ್ಚು ಜನ ಸೇರುವ ಸಂಸ್ಥೆಗಳು ಕಣ್ಗಾವಲು ಕ್ಯಾಮೆರಾ ಅಳವಡಿಸಬೇಕೆಂದು 2017ರಲ್ಲಿ ರಾಜ್ಯ ಶಾಸಕಾಂಗವೇ ಕಾಯ್ದೆ ಮಾಡಿತು. ಮಾಲೀಕ ಸ್ಥಳದಲ್ಲಿ ಇಲ್ಲದಾಗ ಎಷ್ಟು ಮಂದಿ ಕೆಲಸಕ್ಕೆ ಬಂದರು, ಎಷ್ಟು ಸರಕು ಹೊರಹೋಯಿತು, ಯಾರ ಹೆಸರಿನಲ್ಲಿ ಎಷ್ಟು ಹಣ ಸಂದಾಯವಾಯಿತು ಎಂಬುದನ್ನು ಅರಿಯುವುದೇ ಇದೆಲ್ಲದರ ಉದ್ದೇಶ.

ಉಪಕರಣ ಹೊಸದು, ಪ್ರಶ್ನೆ ಮಾತ್ರ ಹಳೆಯದು. ನಂಜನಗೂಡಿಗೆ ಸಮೀಪದಲ್ಲೇ ಇರುವ ಕಳಲೆ ಗ್ರಾಮದ ಅರಸು ಮನೆತನದಲ್ಲಿ ಹುಟ್ಟಿ, ಸುಮಾರು ಎರಡು ದಶಕಗಳ ಕಾಲ ಮೈಸೂರು ಸಂಸ್ಥಾನದ ಖಜಾನೆ ಮತ್ತು ಸೈನ್ಯಗಳನ್ನು ಅಂಗೈಯಲ್ಲಿಟ್ಟುಕೊಂಡಿದ್ದ ಕರಾಚೂರಿ ನಂಜರಾಜಯ್ಯ ಈ ಪ್ರಶ್ನೆಯನ್ನು ಕಡೆಗಣಿಸಿದ. ಅದಕ್ಕೆ ಅವನು ತೆತ್ತ ಬೆಲೆ ಅಧಿಕಾರ, ಸ್ವಾತಂತ್ರ್ಯ ಮತ್ತು ಮನೆತನದ ಒಂದೂವರೆ ಶತಮಾನದ ವರ್ಚಸ್ಸು.

ಕಳಲೆಯ ದಳವಾಯಿಗಳು

ಲಕ್ಷ್ಮೀಕಾಂತಸ್ವಾಮಿ ದೇವಾಲಯದಿಂದ ಹೆಸರಾದ ಕಳಲೆ, ಮೈಸೂರಿನ ಒಡೆಯರ ನೆರೆಯ ಪಾಳೆಯಪಟ್ಟುಗಳಲ್ಲಿ ಒಂದಾಗಿತ್ತು. ರಾಜ ಒಡೆಯರ ಕಾಲದಲ್ಲಿ, ಹದಿನೇಳನೆಯ ಶತಮಾನದ ಆರಂಭದಲ್ಲಿ, ಎರಡು ಮನೆತನಗಳ ನಡುವೆ ಒಪ್ಪಂದವೊಂದು ಏರ್ಪಟ್ಟಿತು. ಅದರಂತೆ ಸಿಂಹಾಸನ ಮೈಸೂರಿನ ಒಡೆಯರದು, ಸೇನಾಧಿಪತ್ಯ ಅಂದರೆ ದಳವಾಯಿ ಪದವಿ ಕಳಲೆಯವರದು. ಹೆಣ್ಣು ಕೊಟ್ಟು ತರುವ ಸಂಬಂಧವೂ ಇದಕ್ಕೆ ಬಲ ತಂದಿತು.

ಬಲಿಷ್ಠ ಅರಸನಿದ್ದಾಗ ಈ ಏರ್ಪಾಡು ಸಮತೋಲನದಲ್ಲಿತ್ತು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿ ಅಠಾರಾ ಕಚೇರಿಯನ್ನು ನೆಲೆಗೊಳಿಸಿದರು. ಅವರು ಏರ್ಪಡಿಸಿದ ಅಂಚೆ ವ್ಯವಸ್ಥೆ ಕೇವಲ ಓಲೆ ಸಾಗಿಸುವುದಕ್ಕೆ ಸೀಮಿತವಾಗಿರಲಿಲ್ಲ. ಅಂಚೆಯವರು ತಮ್ಮ ಸೀಮೆಯ ಆಗುಹೋಗುಗಳನ್ನು ಗುಟ್ಟಾಗಿ ರಾಜಧಾನಿಗೆ ತಿಳಿಸಬೇಕಿತ್ತು. ಅಧಿಕಾರಿ ಕಳುಹಿಸುವ ವರದಿ ಒಂದು ದಾರಿಯಿಂದ ಬಂದರೆ, ಆ ಅಧಿಕಾರಿಯ ಕುರಿತ ವರದಿ ಇನ್ನೊಂದು ದಾರಿಯಿಂದ ಬರುತ್ತಿತ್ತು. ಪ್ರತಿದಿನ ಸಾವಿರ ವರಹಗಳ ಎರಡು ಚೀಲ ಬೊಕ್ಕಸ ಸೇರಿದ ಮೇಲೆಯೇ ದೊರೆ ಉಪಾಹಾರ ಸ್ವೀಕರಿಸುತ್ತಿದ್ದರೆಂಬುದು ಪ್ರತೀತಿ. ನವಕೋಟಿ ನಾರಾಯಣನೆಂಬ ಬಿರುದಿಗೆ ಈ ನಿಗಾವಣೆಯೇ ಆಧಾರ.

ಅವರ ನಂತರದ ಅರಸರ ಕೈ ಸಡಿಲವಾಯಿತು. 1734ರಲ್ಲಿ ದಳವಾಯಿ ದೇವರಾಜಯ್ಯ ಹಾಗೂ ಅವನ ದಾಯಾದಿ, ಹಿರಿಯ ನಂಜರಾಜಯ್ಯ ಸೇರಿ ಚಾಮರಾಜ ಒಡೆಯರನ್ನು ಪದಚ್ಯುತಗೊಳಿಸಿ ಕಬ್ಬಾಳದುರ್ಗದ ಸೆರೆಗೆ ಕಳುಹಿಸಿದರು. ಎಳೆಯ ಬಾಲಕ ಇಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ತಂದರು. 1740ರ ಸುಮಾರಿಗೆ ಹಿರಿಯ ನಂಜರಾಜಯ್ಯ ಗತಿಸಿದಾಗ ದೇವರಾಜಯ್ಯನ ತಮ್ಮ ಕರಾಚೂರಿ ನಂಜರಾಜಯ್ಯ ಸರ್ವಾಧಿಕಾರಿಯಾದ. ಅಣ್ಣನ ಕೈಯಲ್ಲಿ ಸೈನ್ಯ, ತಮ್ಮನ ಕೈಯಲ್ಲಿ ಕಂದಾಯ. ಮುಂದೆ ನಂಜರಾಜಯ್ಯ ತನ್ನ ಮಗಳನ್ನೇ ದೊರೆಗೆ ಕೊಟ್ಟು ವಿವಾಹ ಮಾಡಿದ.

ಕವಿಯೂ ಹೌದು

ನಂಜರಾಜಯ್ಯ ಬರಿಯ ಅಧಿಕಾರದಾಹಿಯಾಗಿರಲಿಲ್ಲ. ಪರಮ ಶಿವಭಕ್ತನೂ ವಿದ್ವಾಂಸನೂ ಆಗಿದ್ದ ಅವನು ಕನ್ನಡದಲ್ಲಿ ಅನೇಕ ಶೈವ ಕೃತಿಗಳನ್ನು ರಚಿಸಿದ. ಕಕುದ್ಗಿರಿ ಮಾಹಾತ್ಮ್ಯ, ಹಾಲಾಸ್ಯ ಮಾಹಾತ್ಮ್ಯ ಅವುಗಳಲ್ಲಿ ಸೇರಿವೆ. ಗರಳಪುರಿ ಎಂದರೆ ನಂಜನಗೂಡು. ತನ್ನ ಊರ ಪಕ್ಕದ ಆ ಕ್ಷೇತ್ರದ ಮಹಿಮೆಯನ್ನೂ ಅವನು ಕನ್ನಡಕ್ಕೆ ತಂದ. ಸಂಸ್ಕೃತದಲ್ಲಿ ಸಂಗೀತ ಗಂಗಾಧರ ಅವನದೇ ರಚನೆ. ಅವನ ಆಶ್ರಯದಲ್ಲಿದ್ದ ನೃಸಿಂಹ ಕವಿ ನಂಜರಾಜಯಶೋಭೂಷಣವೆಂಬ ಅಲಂಕಾರ ಗ್ರಂಥವನ್ನು ಬರೆದು, ಅದರ ಉದಾಹರಣೆಗಳಲ್ಲೆಲ್ಲ ಒಡೆಯನನ್ನೇ ಕೊಂಡಾಡಿದ. ಹೊಗಳಿಕೆಗೆ ಆಸ್ಥಾನದಲ್ಲಿ ಕೊರತೆಯಿರಲಿಲ್ಲ. ಕಡಿಮೆಯಾಗಿದ್ದುದು ಅಹಿತವಾದ ಸುದ್ದಿಯನ್ನು ತಂದು ಹೇಳುವವರು.

ದೇವನಹಳ್ಳಿಯಿಂದ ತಿರುಚಿನಾಪಳ್ಳಿಗೆ

1749ರಲ್ಲಿ ನಂಜರಾಜಯ್ಯ ದೇವನಹಳ್ಳಿ ಕೋಟೆಗೆ ಮುತ್ತಿಗೆ ಹಾಕಿದಾಗ ಸಾಹಸ ತೋರಿದ ಒಬ್ಬ ಸವಾರ ಅವನ ಕಣ್ಣಿಗೆ ಬಿದ್ದ. ಅವನೇ ಹೈದರ್ ಅಲಿ. ಐವತ್ತು ಕುದುರೆ, ಇನ್ನೂರು ಕಾಲಾಳುಗಳ ನಾಯಕತ್ವವನ್ನು ಅವನಿಗೆ ವಹಿಸಲಾಯಿತು. ಪ್ರತಿಭೆಯನ್ನು ಗುರುತಿಸುವುದರಲ್ಲಿ ಸರ್ವಾಧಿಕಾರಿ ಎಡವಲಿಲ್ಲ. ಅವನು ಎಡವಿದ್ದು, ಗುರುತಿಸಿದ ಮೇಲೆ ನಿಗಾ ಇಡುವುದರಲ್ಲಿ.

ಆರ್ಕಾಟಿನ ನವಾಬಗಿರಿಗಾಗಿ ಹೋರಾಡುತ್ತಿದ್ದ ಮಹಮದ್ ಅಲಿ, ನೆರವಿಗೆ ಪ್ರತಿಯಾಗಿ ತಿರುಚಿನಾಪಳ್ಳಿಯನ್ನೇ ಬಿಟ್ಟುಕೊಡುವುದಾಗಿ ಮಾತು ಕೊಟ್ಟ. ಅದನ್ನು ನಂಬಿ 1752ರಲ್ಲಿ ನಂಜರಾಜಯ್ಯ ಭಾರಿ ಸೈನ್ಯದೊಡನೆ ಅತ್ತ ನಡೆದ. ಗೂತ್ತಿಯ ಮುರಾರಿರಾಯನ ಮರಾಠ ದಳವನ್ನೂ ಹಣ ಕೊಟ್ಟು ಜೊತೆಗೊಯ್ದ. ಎದುರಾಳಿ ಚಂದಾ ಸಾಹೇಬ್ ಅದೇ ವರ್ಷ ಹತನಾದ. ಆದರೆ ಮಹಮದ್ ಅಲಿ ಮಾತಿಗೆ ತಪ್ಪಿದ. ಕೊಟ್ಟ ಮಾತನ್ನು ವಸೂಲು ಮಾಡಿಯೇ ತೀರುವೆನೆಂಬ ಹಟದಿಂದ ನಂಜರಾಜಯ್ಯ 1755ರವರೆಗೆ ಅಲ್ಲಿಯೇ ಬೀಡುಬಿಟ್ಟ. ಊರು ಕೈಸೇರಲಿಲ್ಲ, ಬೊಕ್ಕಸ ಬರಿದಾಯಿತು.

ಅವನು ದೂರದಲ್ಲಿದ್ದಾಗಲೇ ಸಲಾಬತ್ ಜಂಗ್ ಮತ್ತು ಫ್ರೆಂಚ್ ಸೇನಾನಿ ಬುಸ್ಸಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು 56 ಲಕ್ಷದ ಕಪ್ಪ ಕೇಳಿದರು. ದೇವಾಲಯಗಳ ಬೆಳ್ಳಿ ಬಂಗಾರವನ್ನು ತೆಗೆದರೂ ಮೂರನೆಯ ಒಂದು ಪಾಲು ಮಾತ್ರ ಹೊಂದಿತು. ಉಳಿದುದಕ್ಕೆ ಸಾಹುಕಾರರನ್ನು ಒತ್ತೆಯಾಗಿ ಒಪ್ಪಿಸಲಾಯಿತು.

ಅರಿಶಿನದ ಪಟ್ಟಿಗಳು

ತಿರುಚಿನಾಪಳ್ಳಿಯಿಂದ ಹಿಂದಿರುಗುವ ಸಮಯಕ್ಕೆ ಹೈದರ್ ದಿಂಡಿಗಲ್ಲಿನ ಫೌಜುದಾರನಾಗಿ ನೇಮಕಗೊಂಡ. ಓದುಬರಹ ಬಾರದ ಅವನಿಗೆ ಅಸಾಧಾರಣ ನೆನಪಿನ ಶಕ್ತಿಯಿತ್ತು. ಲೆಕ್ಕಪತ್ರದಲ್ಲಿ ನಿಪುಣನಾದ ಖಂಡೇರಾಯನೆಂಬ ಬ್ರಾಹ್ಮಣ ಜೊತೆಗಿದ್ದ. ತನ್ನ ಸೈನಿಕರು ತರುವ ಸುಲಿಗೆಯ ವಸ್ತುಗಳಿಗೂ ಹೈದರ್ ಲೆಕ್ಕ ಇರಿಸುತ್ತಿದ್ದ. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಾಳೆ ನೋಡುವ ಪದ್ಧತಿಯಿದ್ದುದರಿಂದ ಯಾರೂ ಬಚ್ಚಿಡುವಂತಿರಲಿಲ್ಲ. ತನ್ನ ಕೆಳಗಿನವರ ಮೇಲೆ ಇಷ್ಟು ಕಣ್ಣಿಟ್ಟಿದ್ದ ಅವನು, ತನ್ನ ಮೇಲಿನವರಿಗೆ ಅಂಥ ಕಣ್ಣಿಲ್ಲವೆಂಬುದನ್ನು ಬೇಗನೆ ಕಂಡುಕೊಂಡ.

ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸ ಗ್ರಂಥದಲ್ಲಿ ದಿಂಡಿಗಲ್ಲಿನ ಪ್ರಸಂಗಗಳನ್ನು ವಿವರವಾಗಿ ದಾಖಲಿಸಿದ್ದಾನೆ. ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಗುಣವಾಗುವ ತನಕ ಸರ್ಕಾರದಿಂದ ಭತ್ಯೆ ಸಲ್ಲುತ್ತಿತ್ತು. ಪಾಳೆಯಗಾರರೊಡನೆ ನಡೆದ ಕದನವೊಂದರ ಬಳಿಕ ಹೈದರ್ ದೊಡ್ಡ ಸಂಖ್ಯೆಯ ಗಾಯಾಳುಗಳ ಪಟ್ಟಿ ಕಳುಹಿಸಿದ. ರಾಜಧಾನಿಯಿಂದ ತನಿಖಾಧಿಕಾರಿ ಬಂದ. ನಿಜವಾಗಿ ಗಾಯಗೊಂಡಿದ್ದವರು 67 ಮಂದಿ. ಅಧಿಕಾರಿಯ ಮುಂದೆ ನಿಂತವರು ಸುಮಾರು 700 ಮಂದಿ. ಕೈಗೋ ಕಾಲಿಗೋ ಅರಿಶಿನದ ಬಣ್ಣದ ಬಟ್ಟೆ ಸುತ್ತಿಕೊಂಡಿದ್ದರು. ಯಾವ ಪಟ್ಟಿಯನ್ನೂ ಬಿಚ್ಚಿ ನೋಡಲಿಲ್ಲ. ಎಲ್ಲರಿಗೂ ಭತ್ಯೆ ಮಂಜೂರಾಯಿತು.

ಸೈನಿಕರ ಎಣಿಕೆಯಲ್ಲೂ ಇದೇ ಜಾಣ್ಮೆ ನಡೆಯಿತು. ಎಣಿಕೆಯಾದವರು ಸುತ್ತಿಬಂದು ಮತ್ತೆ ಸಾಲಿನಲ್ಲಿ ನಿಲ್ಲುತ್ತಿದ್ದರು. ಹೀಗೆ 10,000 ಮಂದಿ 18,000 ಎಂದು ದಾಖಲಾದರೆಂದು ವಿಲ್ಕ್ಸ್ ಬರೆಯುತ್ತಾನೆ. ಹಾಜರಿ ಪುಸ್ತಕದಲ್ಲಿ ಮಾತ್ರ ಬದುಕಿರುವ ಕೆಲಸಗಾರರಿಗೆ ಸಂಬಳ ತೆತ್ತ ಯಾವುದೇ ಸಂಸ್ಥೆಗೂ ಈ ಕಥೆ ಪರಿಚಿತವೆನಿಸೀತು. ಇತ್ತ ಶ್ರೀರಂಗಪಟ್ಟಣದಲ್ಲಿ ಖಂಡೇರಾಯ ಹೈದರನ ಪ್ರತಿನಿಧಿಯಾಗಿ ಕುಳಿತು, ಈ ಲೆಕ್ಕಗಳು ಪ್ರಶ್ನೆಯಿಲ್ಲದೆ ಅಂಗೀಕಾರವಾಗುವಂತೆ ನೋಡಿಕೊಂಡ.

ನಂಜರಾಜಯ್ಯ ಪರಿಶೀಲನೆಯನ್ನೇ ನಡೆಸಲಿಲ್ಲವೆಂದು ಹೇಳಲಾಗದು. ಅಧಿಕಾರಿಯನ್ನು ಕಳುಹಿಸಿದ, ಎಣಿಕೆ ಮಾಡಿಸಿದ. ಆದರೆ ಎಣಿಸಲ್ಪಡುವವನೇ ಎಣಿಕೆಯ ಹೊತ್ತು, ಜಾಗ ಮತ್ತು ಸಾಲನ್ನು ಗೊತ್ತುಮಾಡಿದ. ಚಿಕ್ಕದೇವರಾಜರ ಕಾಲದಲ್ಲಿದ್ದ ಎರಡನೆಯ ದಾರಿಯ ವರದಿ ಅವನಿಗೆ ಬರಲೇ ಇಲ್ಲ.

ಬಾಗಿಲಲ್ಲಿ ಧರಣಿ

ಕಷ್ಟಗಳು ಒಂದರ ಮೇಲೊಂದು ಬಂದವು. 1756ರಲ್ಲಿ ದಳವಾಯಿಗಳ ಹಿಡಿತದಿಂದ ಪಾರಾಗಲು ಯುವದೊರೆ ಹವಣಿಸಿದಾಗ ನಂಜರಾಜಯ್ಯ ಅರಮನೆಯ ಮೇಲೆಯೇ ನುಗ್ಗಿ, ದೊರೆಯ ಬೆಂಬಲಿಗರ ಕಿವಿ ಮೂಗುಗಳನ್ನು ಅವರ ಕಣ್ಣೆದುರೇ ಕೊಯ್ಯಿಸಿದ. ಈ ಕ್ರೌರ್ಯಕ್ಕೆ ಅಸಹ್ಯಪಟ್ಟ ಅಣ್ಣ ದೇವರಾಜಯ್ಯ ರಾಜಧಾನಿ ತೊರೆದು ಸತ್ಯಮಂಗಲಕ್ಕೆ ಹೋದ. 1757ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾಯ ಮುತ್ತಿಗೆ ಹಾಕಿ 32 ಲಕ್ಷ ಕೇಳಿದ. ಕೊಡಲು ಹಣವಿಲ್ಲದೆ ಹಲವು ತಾಲ್ಲೂಕುಗಳನ್ನು ಒತ್ತೆಯಿಡಬೇಕಾಯಿತು.

ಸಂಬಳ ಕಾಣದ ಸೈನಿಕರು 1758ರಲ್ಲಿ ಸರ್ವಾಧಿಕಾರಿಯ ಮನೆಬಾಗಿಲಲ್ಲಿ ಧರಣಿ ಕುಳಿತರು. ಹೈದರ್ ದಿಂಡಿಗಲ್ಲಿನಿಂದ ಧಾವಿಸಿ ಬಂದು ಅಣ್ಣತಮ್ಮಂದಿರನ್ನು ಒಂದುಗೂಡಿಸಿದ. ಶ್ರೀರಂಗಪಟ್ಟಣಕ್ಕೆ ಮರಳಿದ ಕೆಲವೇ ದಿನಗಳಲ್ಲಿ ದೇವರಾಜಯ್ಯ ಮರಣ ಹೊಂದಿದ. ಆಗ ಸೈನ್ಯದ ಬಾಕಿಯನ್ನು ಪರಿಶೋಧಿಸುವ ಹೊಣೆ ಯಾರ ಪಾಲಿಗೆ ಬಂದಿತೆಂಬುದೇ ಈ ಜೀವನದ ಅತಿದೊಡ್ಡ ವ್ಯಂಗ್ಯ. ಹುಸಿ ಗಾಯಾಳುಗಳನ್ನು ನಿಲ್ಲಿಸಿದ್ದ ಹೈದರನೂ, ಆ ಲೆಕ್ಕ ಬರೆದಿದ್ದ ಖಂಡೇರಾಯನೂ ಪರಿಶೋಧಕರಾದರು. ಸುಳ್ಳು ಬೇಡಿಕೆ ಹೇಗಿರುತ್ತದೆಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ತಿಳಿದೀತು? ಬೇಡಿಕೆಗಳು ಕುಗ್ಗಿದವು, ಉಳಿದ ಬಾಕಿ ತೀರಿತು, ಸುಮಾರು 4,000 ಕುದುರೆ ಸವಾರರನ್ನು ಸೇವೆಯಿಂದ ಬಿಡಲಾಯಿತು. ಸೈನ್ಯದ ಲೆಕ್ಕ ಹಿಡಿದವನ ಕೈಗೆ ಸೈನ್ಯವೇ ಬಂದಿತು.

1759ರಲ್ಲಿ ಮತ್ತೆ ಬಾಕಿಯ ಗದ್ದಲವೆದ್ದಿತು. ಈ ಬಾರಿ ಸೈನಿಕರ ಜೊತೆ ಸರ್ವಾಧಿಕಾರಿಯ ಬಾಗಿಲಲ್ಲಿ ಬಂದು ಕುಳಿತವರಲ್ಲಿ ಹೈದರನೂ ಇದ್ದ. ಅರಮನೆಯೊಡನೆ ಒಳಸಂಚು ಆಗಲೇ ಕುದುರಿತ್ತು. ಆಟ ಮುಗಿಯಿತೆಂದು ಅರಿತ ನಂಜರಾಜಯ್ಯ ಅಧಿಕಾರ ಬಿಟ್ಟು, ಜಹಗೀರು ಪಡೆದು ಮೈಸೂರಿಗೆ ಹೊರಟ. ಅಲ್ಲಿ ನೆಲೆಯೂರುತ್ತಾನೆಂಬ ಶಂಕೆಯಿಂದ ಹೈದರ್ ಮೈಸೂರು ಕೋಟೆಯನ್ನೇ ಮುತ್ತಿ, ಅವನನ್ನು ಕೊಣನೂರಿಗೆ ಕಳುಹಿಸಿದ.

ಮುದ್ರೆ ಮತ್ತು ಆಣೆ

ಲೆಕ್ಕ ಬಲ್ಲವನೂ ಮೋಸಹೋಗುವ ಸರದಿ ಬಂದಿತು. 1760ರ ಆಗಸ್ಟಿನಲ್ಲಿ ಖಂಡೇರಾಯ ಅರಮನೆಯ ಪಕ್ಷ ಸೇರಿ ಒಡೆಯನ ವಿರುದ್ಧವೇ ತಿರುಗಿಬಿದ್ದ. ರಾತ್ರೋರಾತ್ರಿ ನದಿ ದಾಟಿ ಪಾರಾದ ಹೈದರ್, ಮುಂದೆ ಕಳಲೆಗೆ ಕೂಗಳತೆಯ ನಂಜನಗೂಡಿನ ಬಳಿ ಸೋತು, ಕೆಲವೇ ಸವಾರರೊಡನೆ ಕೊಣನೂರಿಗೆ ಬಂದು ಹಳೆಯ ಒಡೆಯನ ಕಾಲಿಗೆರಗಿದ. ನಂಜರಾಜಯ್ಯ ಅವನ ಪಶ್ಚಾತ್ತಾಪವನ್ನು ನಂಬಿ ಬೆಂಬಲ ಕೊಟ್ಟ. ಹೈದರ್ ನಂಜರಾಜಯ್ಯನ ಮುದ್ರೆಯಿರುವ ಪತ್ರಗಳನ್ನು ಸಿದ್ಧಪಡಿಸಿ, ಖಂಡೇರಾಯನ ಸರದಾರರು ಅವನನ್ನು ಹಿಡಿದುಕೊಡಲು ಒಪ್ಪಿದ್ದಾರೆಂಬ ಭಾವನೆ ಬರುವಂತೆ ಬರೆಸಿ, ಅವು ಖಂಡೇರಾಯನ ಕೈಗೇ ಸಿಗುವಂತೆ ಮಾಡಿದ. ಕಾಸಿಗೆ ಕಾಸು ತಾಳೆ ನೋಡುತ್ತಿದ್ದ ಆ ಲೆಕ್ಕಿಗ ಪತ್ರಗಳ ಸತ್ಯಾಸತ್ಯವನ್ನು ವಿಚಾರಿಸದೆ ಸೈನ್ಯ ಬಿಟ್ಟು ಓಡಿದ. ಅವನ ಉಳಿದ ಬಾಳು ಪಂಜರದಲ್ಲಿ ಕಳೆಯಿತು. 1761ರಲ್ಲಿ ಮೈಸೂರು ಹೈದರನ ವಶವಾಯಿತು.

ಉಪಕಾರಕ್ಕೆ ಪ್ರತಿಯಾಗಿ ನಂಜರಾಜಯ್ಯನಿಗೆ ದೊರೆತದ್ದು ಮತ್ತೆ ಕೊಣನೂರಿನ ವಾಸವೇ. 1766ರಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡ ಬಳಿಕ, ಅವನು ಮರಾಠರು ಮತ್ತು ನಿಜಾಮನೊಡನೆ ಸಂಪರ್ಕದಲ್ಲಿದ್ದಾನೆಂಬ ಸಂಶಯ ಹೈದರನಿಗೆ ಬಂದಿತು. ರಕ್ಷಣೆಯ ಭರವಸೆಯಿತ್ತು ಶ್ರೀರಂಗಪಟ್ಟಣಕ್ಕೆ ಕರೆಸಲಾಯಿತು. ಆ ಭರವಸೆಯ ಆಣೆಯನ್ನು ಕುರಾನಿನ ಮೇಲೆ ಇಟ್ಟಂತೆ ತೋರಿಸಲಾಯಿತೆಂದೂ, ಅಂದವಾದ ಹೊದಿಕೆಯೊಳಗೆ ಇದ್ದುದು ಬರಿಯ ಖಾಲಿ ಹಾಳೆಗಳೆಂದೂ ವಿಲ್ಕ್ಸ್ ಹೇಳುತ್ತಾನೆ. ದಿಂಡಿಗಲ್ಲಿನ ಅರಿಶಿನದ ಪಟ್ಟಿಯನ್ನು ಬಿಚ್ಚಿ ನೋಡದಿದ್ದಂತೆ ಈ ಹೊದಿಕೆಯನ್ನೂ ಯಾರೂ ತೆರೆದು ನೋಡಲಿಲ್ಲ. ಸೆರೆಯಾದ ನಂಜರಾಜಯ್ಯ 1773ರಲ್ಲಿ ಕೊನೆಯುಸಿರೆಳೆದ.

ಅವನ ಸೋಲಿಗೆ ವಿಧಿಯನ್ನೋ ಹೈದರನ ಕಪಟವನ್ನೋ ಮಾತ್ರ ಕಾರಣವೆನ್ನುವುದು ಸುಲಭ. ಆದರೆ ಅವನ ಬಳಿ ಹಾಜರಿಯಿತ್ತು, ಪಟ್ಟಿಯಿತ್ತು, ತನಿಖಾಧಿಕಾರಿಯೂ ಇದ್ದ. ಇರದಿದ್ದುದು, ಕಂಡದ್ದನ್ನು ಇನ್ನೊಂದು ಮೂಲದೊಡನೆ ತಾಳೆ ನೋಡುವ ಅಭ್ಯಾಸ. ಇಂದಿನ ಕ್ಯಾಮೆರಾ ಹಗಲಿರುಳು ಎಚ್ಚರವಾಗಿರಬಲ್ಲದು. ಸಾಲಿನಲ್ಲಿ ಎರಡು ಬಾರಿ ನಿಂತ ಮುಖವನ್ನು ಗುರುತಿಸಲೂಬಲ್ಲದು. ಪಟ್ಟಿಯ ಕೆಳಗೆ ಗಾಯವಿದೆಯೇ ಎಂಬುದು ಅದಕ್ಕೂ ಕಾಣದು. ಚಿತ್ರವನ್ನು ಕುಳಿತು ನೋಡುವವರು, ದಾಸ್ತಾನಿನ ಪುಸ್ತಕದೊಡನೆ ಅದನ್ನು ಹೋಲಿಸುವವರು, ಮತ್ತು ಆ ನೋಡುವವರ ಮೇಲೆಯೇ ಒಂದು ಕಣ್ಣಿಡುವವರು ಇಲ್ಲದಿದ್ದರೆ ಗೋಡೆಯ ಮೇಲಿನ ಕ್ಯಾಮೆರಾ ದಿಂಡಿಗಲ್ಲಿಗೆ ಹೋಗಿಬಂದ ಆ ಅಧಿಕಾರಿಗಿಂತ ಹೆಚ್ಚಿನದೇನನ್ನೂ ಸಾಧಿಸದು.

ಲಕ್ಷ್ಮೀಕಾಂತನ ಗುಡಿ ಕಳಲೆಯಲ್ಲಿ ಇಂದಿಗೂ ನಿಂತಿದೆ. ನಂಜರಾಜಯ್ಯನ ಕಾವ್ಯಗಳನ್ನು ಸಾಹಿತ್ಯ ಚರಿತ್ರೆ ಉಳಿಸಿಕೊಂಡಿದೆ. ಅವನು ಪರೀಕ್ಷಿಸದೆ ಬಿಟ್ಟ ಲೆಕ್ಕಗಳ ಫಲವಾಗಿ ಮೈಸೂರಿನ ಇತಿಹಾಸದ ದಿಕ್ಕೇ ಬದಲಾಯಿತು.