ಪ್ರನಾಳದಲ್ಲಿ ಸೋತ ಮದ್ದು: ಗೆರ್ಹಾರ್ಡ್ ಡೊಮಾಕ್

ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಬರೆದು ತರುವ ಪಾಠಯೋಜನೆಗಳಲ್ಲಿ ಫ್ಲೆಮಿಂಗ್ ತಪ್ಪದೆ ಬರುತ್ತಾರೆ. ಜೊತೆಗೆ ಗೆರ್ಹಾರ್ಡ್ ಡೊಮಾಕ್ ಅವರನ್ನೂ ಸೇರಿಸಿಕೊಳ್ಳಿ ಎಂದು ನಾನು ಹೇಳುತ್ತಿರುತ್ತೇನೆ. ಫಲಿತಾಂಶವನ್ನು ಪ್ರಯೋಗ ನಡೆದ ಸನ್ನಿವೇಶದೊಂದಿಗೇ ಓದಬೇಕೆಂದು ಕಲಿಸಲು ಇಷ್ಟು ಒಳ್ಳೆಯ ಜೀವನಕಥೆ ನನಗೆ ಬೇರೆ ಸಿಕ್ಕಿಲ್ಲ.

ಡೊಮಾಕ್ ಜರ್ಮನಿಯವರು, ಹುಟ್ಟಿದ್ದು 1895ರಲ್ಲಿ. ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ ಮೊದಲ ಮಹಾಯುದ್ಧಕ್ಕೆ ಹೋಗಿ ಗಾಯಗೊಂಡರು. ಬಳಿಕ ಸೇನೆಯ ಆಸ್ಪತ್ರೆಗಳಲ್ಲಿ ದುಡಿಯುವಾಗ, ಗಾಯಕ್ಕೆ ನಂಜೇರಿ ಸೈನಿಕರು ಸಾಯುವುದನ್ನು ಕಂಡರು. 1927ರಲ್ಲಿ ಬೇಯರ್ ಪ್ರಯೋಗಾಲಯ ಸೇರಿದರು. ರಸಾಯನಜ್ಞರಾದ ಕ್ಲಾರರ್ ಮತ್ತು ಮೀಟ್ಷ್ ತಯಾರಿಸಿಕೊಟ್ಟ ವಸ್ತುಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಅವರ ಕೆಲಸ.

1932ರ ಕೊನೆಯಲ್ಲಿ ಒಂದು ಕೆಂಪು ಬಣ್ಣ, ಮುಂದೆ ಪ್ರೊಂಟೊಸಿಲ್ ಎನಿಸಿದ್ದು, ಸ್ಟ್ರೆಪ್ಟೊಕಾಕಸ್ ಸೋಂಕು ತಗುಲಿದ ಇಲಿಗಳನ್ನು ಉಳಿಸಿತು. ಪ್ರನಾಳದಲ್ಲಿ ಮಾತ್ರ ಅದು ಅದೇ ಬ್ಯಾಕ್ಟೀರಿಯಾಗಳನ್ನು ಏನೂ ಮಾಡಲಿಲ್ಲ. ಪ್ರನಾಳವನ್ನಷ್ಟೇ ನಂಬಿದ್ದರೆ ಮದ್ದು ಕಸದ ಬುಟ್ಟಿ ಸೇರುತ್ತಿತ್ತು. (ಅವರ ಪುಟ್ಟ ಮಗಳ ಕೈಗೆ ಸೂಜಿ ಚುಚ್ಚಿ ನಂಜೇರಿದಾಗ ಕೊಟ್ಟದ್ದೂ ಇದನ್ನೇ, ಮಗು ಉಳಿಯಿತು.) 1935ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ಕಾರಣ ತೋರಿಸಿದರು: ದೇಹದೊಳಗೆ ಬಣ್ಣ ಒಡೆದು ಸಲ್ಫಾನಿಲಮೈಡ್ ಹೊರಬರುತ್ತದೆ, ಕೆಲಸ ಮಾಡುವುದು ಅದು.

ಆದರೆ ಸಲ್ಫಾನಿಲಮೈಡನ್ನೇ ನೇರವಾಗಿ ಹಾಕಿದರೂ ಒಂದು ಪೋಷಕ ಮಾಧ್ಯಮದಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಸೋಲುತ್ತಿತ್ತು. 1940ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವುಡ್ಸ್ ಈ ಗಂಟು ಬಿಡಿಸಿದರು. ಫೋಲಿಕ್ ಆಮ್ಲ ತಯಾರಿಸಿಕೊಳ್ಳಲು ಬ್ಯಾಕ್ಟೀರಿಯಾಕ್ಕೆ ಪ್ಯಾರಾ ಅಮೈನೊ ಬೆಂಜೋಯಿಕ್ ಆಮ್ಲ ಬೇಕು. ಸಲ್ಫಾ ಅದರದೇ ವೇಷ ಹಾಕಿ ಕಿಣ್ವದಲ್ಲಿ ಜಾಗ ಹಿಡಿಯುತ್ತದೆ. ಯೀಸ್ಟ್ ಸಾರದಂಥ ಆಹಾರದ ಮೂಲಕ ಆ ಆಮ್ಲವೇ ಧಾರಾಳವಾಗಿ ಸಿಕ್ಕರೆ ವೇಷಧಾರಿಗೆ ಜಾಗವಿಲ್ಲ. ಮಾಧ್ಯಮದಲ್ಲಿ ಥೈಮಿಡಿನ್ ಹೆಚ್ಚಿದ್ದರೂ ಮದ್ದು ಸೋಲುತ್ತದೆ. ಬ್ಯಾಕ್ಟೀರಿಯಾಕ್ಕೆ ಸಿದ್ಧ ಸರಕು ಸಿಕ್ಕಿಬಿಡುತ್ತದೆ. ಆಗ ಮದ್ದಿಗೆ ಬಗ್ಗುವ ರೋಗಾಣುವೂ ವರದಿಯಲ್ಲಿ ನಿರೋಧಕವೆಂದು ದಾಖಲಾಗುತ್ತದೆ. ರೋಗಿಗೆ ಸಲ್ಲಬೇಕಾದ ಔಷಧ ತಪ್ಪಿಹೋಗುತ್ತದೆ. ತರಗತಿಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

1939ರಲ್ಲಿ ಡೊಮಾಕ್ ಅವರಿಗೆ ನೊಬೆಲ್ ಬಂತು. ನಾಜಿ ಆಡಳಿತ ಅವರನ್ನು ಬಂಧಿಸಿ, ಪ್ರಶಸ್ತಿ ನಿರಾಕರಿಸುವಂತೆ ಮಾಡಿತು. 1947ರಲ್ಲಿ ಪದಕ ಕೈಸೇರಿತು, ಹಣ ಸಿಗಲಿಲ್ಲ. 1964ರಲ್ಲಿ ತೀರಿಕೊಂಡರು. ಎರಡು ವರ್ಷಗಳ ನಂತರ ಬಾಯರ್, ಕರ್ಬಿ ಮೊದಲಾದವರು ಔಷಧದ ಬಿಲ್ಲೆಗಳನ್ನಿಟ್ಟು ನೋಡುವ ಪರೀಕ್ಷೆಗೆ ಏಕರೂಪದ ವಿಧಾನ ಪ್ರಕಟಿಸಿದರು. ಅದಕ್ಕೆ ಆರಿಸಿಕೊಂಡ ಮಾಧ್ಯಮ ಮುಲ್ಲರ್-ಹಿಂಟನ್ ಅಗಾರ್. ಸಲ್ಫಾಕ್ಕೆ ಅಡ್ಡಬರುವ ವಸ್ತುಗಳು ಅದರಲ್ಲಿ ಕಡಿಮೆ.